ಚುಕ್ಕಿಯಾಚೆಯ ನಾಲ್ಕಕ್ಷರ

ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದು ಅದರ ನೋಟವನ್ನು ‘ಡೀಟೇಲ್ಸ್’ಗೆ ಬದಲಿಸಿದರೆ ಫೈಲುಗಳೆಲ್ಲ ಪಟ್ಟಿಯಾಗಿ ನಿಲ್ಲುತ್ತವೆ. ಮೊದಲ ಕಾಲಂನಲ್ಲಿ ಹೆಸರು, ಆಮೇಲೆ ಕೊನೆಯ ಸಲ ಬದಲಾದ ದಿನಾಂಕ, ಮೂರನೆಯದು ‘ಟೈಪ್’, ನಾಲ್ಕನೆಯದು ಗಾತ್ರ. ಹೆಸರನ್ನು ಎಲ್ಲರೂ ಓದುತ್ತೇವೆ. ಹುಡುಕುವ ಅವಸರವಿದ್ದರೆ ದಿನಾಂಕ ನೋಡುತ್ತೇವೆ. ಮೂರನೆಯ ಕಾಲಂ ಮೇಲೆ ಕಣ್ಣು ನಿಲ್ಲಿಸುವವರು ಕಡಿಮೆ. ಆದರೆ ಕಂಪ್ಯೂಟರಿನಲ್ಲಿ ವಂಶಾವಳಿ ಕಟ್ಟುವವರಿಗೆ ಅದರಷ್ಟು ಬೇಕಾದದ್ದು ಬೇರೆ ಇಲ್ಲ ಎಂದೇ ನಾನು ನಂಬಿದ್ದೇನೆ. ಹತ್ತಿಪ್ಪತ್ತು ವರ್ಷ ಊರೂರು ಅಲೆದು, ಹಿರಿಯರನ್ನು ಕೇಳಿ, ಹಳೆಯ ಕಾಗದಪತ್ರ ಬಿಡಿಸಿ ಕಲೆಹಾಕಿದ ಹೆಸರುಗಳೆಲ್ಲ ಕೊನೆಗೆ ಒಂದೇ ಫೈಲಿನಲ್ಲಿ ಕೂತಿರುತ್ತವೆ. ಅದರ ಪಕ್ಕದಲ್ಲೇ, ಬಹಳ ಸಲ ಅದೇ ಹೆಸರಿನಲ್ಲಿ, ಅದರ ಬ್ಯಾಕಪ್ ಇರುತ್ತದೆ. ಯಾವುದು ಅಸಲು, ಯಾವುದು ನಕಲು, ಒತ್ತಿದರೆ ಏನಾಗುತ್ತದೆ ಎಂಬುದನ್ನು ತಿಳಿಸುವ ಹೊಣೆ ಆ ಕಾಲಂನ ಎರಡು ಮೂರು ಪದಗಳ ಮೇಲಿದೆ.

ಆ ಪದಗಳು ತಾವಾಗಿ ಅಲ್ಲಿಗೆ ಬರುವುದಿಲ್ಲ. ಪ್ರೋಗ್ರಾಂ ಬರೆದವರು ಕೂತು ಯೋಚಿಸಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಸರಿಯಾದ ಜಾಗದಲ್ಲಿ ಬರೆದಿಟ್ಟರೆ ಮಾತ್ರ ಬರುತ್ತವೆ. ಸಾಫ್ಟ್‌ವೇರಿನ ಜಾಹೀರಾತಿನಲ್ಲಿ ಈ ಕೆಲಸದ ಪ್ರಸ್ತಾಪ ಇರುವುದಿಲ್ಲ, ವಿಮರ್ಶೆ ಬರೆಯುವವರೂ ಇದನ್ನು ಗಮನಿಸುವುದಿಲ್ಲ. ಕಸುಬು ಬಲ್ಲವರು ಮಾತ್ರ ಇಂಥದ್ದಕ್ಕೆ ಸಮಯ ಕೊಡುತ್ತಾರೆ.

ಮೊದಲು ವಂಶಾವಳಿ ಪ್ರೋಗ್ರಾಂಗಳು ತಮ್ಮ ಫೈಲುಗಳಿಗೆ ಏನು ಹೆಸರಿಟ್ಟಿವೆ ನೋಡೋಣ. ಫ್ಯಾಮಿಲಿ ಟ್ರೀ ಮೇಕರ್ 1989ರಲ್ಲಿ ಡಾಸ್ ಪ್ರೋಗ್ರಾಂ ಆಗಿ ಹುಟ್ಟಿದ್ದು. ವಿಂಡೋಸಿಗೆ ಬಂದ ಮೇಲೆ ಬಹುಕಾಲ ಅದರ ಫೈಲಿನ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಚುಕ್ಕಿಯಾಚೆಯ ಅಕ್ಷರಗಳು, ಎಫ್‌ಟಿಡಬ್ಲ್ಯು ಆಗಿತ್ತು. ಬ್ಯಾಕಪ್ಪಿಗೆ ಎಫ್‌ಬಿಕೆ, ಒತ್ತಿ ಚಿಕ್ಕದು ಮಾಡಿದ ಬ್ಯಾಕಪ್ಪಿಗೆ ಎಫ್‌ಬಿಸಿ. 2008ರ ಆವೃತ್ತಿಯಲ್ಲಿ ಪ್ರೋಗ್ರಾಂ ಹೊಸದಾಗಿ ಬರೆದಾಗ ಫೈಲು ಎಫ್‌ಟಿಎಂ ಆಯಿತು, ಅದರ ಬ್ಯಾಕಪ್ಪು ಎಫ್‌ಟಿಎಂಬಿ. ರೂಟ್ಸ್‌ಮ್ಯಾಜಿಕ್ ನಾಲ್ಕರಿಂದ ಏಳನೆಯ ಆವೃತ್ತಿಯವರೆಗೆ ಆರ್‌ಎಂಜಿಸಿ ಎಂಬ ಫೈಲು, ಆರ್‌ಎಂಜಿಬಿ ಎಂಬ ಬ್ಯಾಕಪ್ಪು ಇಟ್ಟುಕೊಂಡಿತ್ತು. ಎಂಟನೆಯದರಿಂದ ಅವು ಆರ್‌ಎಂಟ್ರೀ, ಆರ್‌ಎಂಬ್ಯಾಕಪ್ ಆದವು. ದ ಮಾಸ್ಟರ್ ಜೀನಿಯಾಲಜಿಸ್ಟ್ ಎಂಬ, 2014ರಲ್ಲಿ ನಿಂತುಹೋದ ಪ್ರೋಗ್ರಾಂ ಬ್ಯಾಕಪ್ಪನ್ನು ಎಸ್‌ಕ್ಯುಜೆಡ್ ಎಂದು ಕರೆಯುತ್ತಿತ್ತು. ಲೆಗಸಿ ಫ್ಯಾಮಿಲಿ ಟ್ರೀ ತನ್ನ ಎಫ್‌ಡಿಬಿ ಫೈಲನ್ನು ಸಾದಾ ಜಿಪ್‌ನಲ್ಲಿ ಕಟ್ಟಿಡುತ್ತದೆ. ಮುಕ್ತ ತಂತ್ರಾಂಶವಾದ ಗ್ರಾಂಪ್ಸ್ ಬರೀ ಮಾಹಿತಿಯಾದರೆ ಗ್ರಾಂಪ್ಸ್ ಎಂದೇ, ಫೋಟೋಗಳನ್ನೂ ಸೇರಿಸಿದರೆ ಜಿಪಿಕೆಜಿ ಎಂದು ಹೆಸರಿಡುತ್ತದೆ.

ಈ ಹೆಸರುಗಳ ಒಳಗೆ ಒಂದು ಜಾಣತನವಿದೆ. ಎಫ್‌ಟಿಎಂ ಪಕ್ಕಕ್ಕೆ ಒಂದು ಬಿ ಸೇರಿಸಿದ್ದರಿಂದ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ, ಒಂದು ಇನ್ನೊಂದರದ್ದು ಎಂಬುದು ನೋಡಿದ ತಕ್ಷಣ ತಿಳಿಯುತ್ತದೆ. ಆರ್‌ಎಂಬ್ಯಾಕಪ್ ಎಂಬುದಂತೂ ಪೂರ್ತಿ ಬಿಡಿಸಿ ಬರೆದ ಹೆಸರು, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರೂ ಓದಿಕೊಳ್ಳಬಹುದು. ಡಾಸ್ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಆಗ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ಆಚೆಗೆ ಮೂರು, ಅಲ್ಲಿಗೆ ಮುಗಿಯಿತು. ಸಿಪಿಎಂ ಎಂಬ ಹಿಂದಿನ ಆಪರೇಟಿಂಗ್ ಸಿಸ್ಟಂನಿಂದ ಡಾಸ್ ಆ ಪದ್ಧತಿಯನ್ನು ತೆಗೆದುಕೊಂಡಿತ್ತು. 1995ರಲ್ಲಿ ವಿಂಡೋಸ್ 95 ಬಂದ ಮೇಲೆ ಉದ್ದ ಹೆಸರಿಗೆ ಎಡೆ ಸಿಕ್ಕಿತು. ಆದರೂ ಮೂರಕ್ಷರದ ರೂಢಿ ಎಷ್ಟೋ ವರ್ಷ ಬಿಡಲಿಲ್ಲ.

ಉದ್ದ ಹೆಸರಿನ ಜೊತೆಗೇ ವಿಂಡೋಸ್ 95 ಇನ್ನೊಂದು ಅಭ್ಯಾಸವನ್ನೂ ತಂದಿತು: ತನಗೆ ಪರಿಚಯವಿರುವ ಎಕ್ಸ್‌ಟೆನ್ಷನ್‌ಗಳನ್ನು ತೆರೆಯ ಮೇಲೆ ತೋರಿಸದೆ ಮರೆಮಾಡುವುದು. ಇವತ್ತಿಗೂ ಹೊಸ ಕಂಪ್ಯೂಟರಿನಲ್ಲಿ ಅದೇ ನಡೆದುಕೊಂಡು ಬಂದಿದೆ. ಇದರ ಪರಿಣಾಮ ವಿಚಿತ್ರವಾದದ್ದು. ಫ್ಯಾಮಿಲಿ ಟ್ರೀ ಮೇಕರ್ ಇಲ್ಲದ ಕಂಪ್ಯೂಟರಿನಲ್ಲಿ ‘ರಾವ್ ಕುಟುಂಬ’ ಎಂಬ ಎರಡು ಫೈಲು ಇಟ್ಟರೆ ಎಫ್‌ಟಿಎಂ, ಎಫ್‌ಟಿಎಂಬಿ ಎಂಬ ಅಕ್ಷರಗಳು ಹೆಸರಿನ ಜೊತೆ ಕಾಣುತ್ತವೆ, ಯಾಕೆಂದರೆ ವಿಂಡೋಸಿಗೆ ಅವುಗಳ ಪರಿಚಯವಿಲ್ಲ. ಪ್ರೋಗ್ರಾಂ ಹಾಕಿಕೊಂಡೊಡನೆ ಪರಿಚಯವಾಗುತ್ತದೆ, ಅಕ್ಷರಗಳು ಮಾಯವಾಗುತ್ತವೆ. ಈಗ ಎರಡರ ಹೆಸರೂ ಬರೀ ‘ರಾವ್ ಕುಟುಂಬ’. ಅವನ್ನು ಬೇರೆ ಬೇರೆ ಎಂದು ತೋರಿಸಲು ಉಳಿದಿರುವುದು ಎರಡೇ: ಎದುರಿಗಿರುವ ಪುಟ್ಟ ಐಕಾನ್ ಮತ್ತು ಟೈಪ್ ಕಾಲಂನ ಮಾತು. ಪ್ರೋಗ್ರಾಂ ಬರೆದವರು ಎರಡಕ್ಕೂ ಒಂದೇ ಐಕಾನ್ ಕೊಟ್ಟು, ಟೈಪ್‌ನಲ್ಲೂ ಒಂದೇ ಮಾತು ಬರೆದಿದ್ದರೆ ಬಳಸುವವರು ಕತ್ತಲಲ್ಲಿ ಬಿದ್ದಂತೆ. ಮೂರನೆಯ ಕಾಲಂ ಇಷ್ಟು ಮುಖ್ಯವಾಗುವುದು ಹೀಗೆ.

ಅನುಮಾನ ಬಂದಾಗ ಒಂದು ಉಪಾಯವಿದೆ. ಫೈಲಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ‘ಟೈಪ್ ಆಫ್ ಫೈಲ್’ ಎಂಬ ಸಾಲಿನಲ್ಲಿ ವಿವರಣೆಯ ಪಕ್ಕ ಕಂಸದೊಳಗೆ ನಿಜವಾದ ಎಕ್ಸ್‌ಟೆನ್ಷನ್ ಇರುತ್ತದೆ. ಮರೆಮಾಡುವ ಅಭ್ಯಾಸ ಜಾರಿಯಲ್ಲಿದ್ದರೂ ಅಲ್ಲಿ ಅದು ಕಾಣುತ್ತದೆ.

ಪರಿಚಯವಿಲ್ಲದ ಎಕ್ಸ್‌ಟೆನ್ಷನ್ ಕಂಡಾಗ ವಿಂಡೋಸ್ ಸುಮ್ಮನಿರುವುದಿಲ್ಲ. ಅದರ ಅಕ್ಷರಗಳನ್ನು ದೊಡ್ಡಕ್ಷರ ಮಾಡಿ ಮುಂದೆ ‘ಫೈಲ್’ ಎಂಬ ಪದ ಹಚ್ಚಿ ‘ಆರ್‌ಎಂಜಿಬಿ ಫೈಲ್’ ಎಂದು ಬರೆಯುತ್ತದೆ. ಮೂರನೆಯ ಕಾಲಂನಲ್ಲಿ ಇಂಥ ಮಾತು ಕಂಡರೆ ಈ ಕಂಪ್ಯೂಟರಿನಲ್ಲಿ ಆ ಫೈಲಿಗೆ ವಾರಸುದಾರರಿಲ್ಲ ಎಂದೇ ಅರ್ಥ ಮಾಡಿಕೊಳ್ಳಬೇಕು. ‘ಬ್ಯಾಕಪ್’ ಎಂಬ ಪದವೋ ಪ್ರೋಗ್ರಾಂನ ಹೆಸರೋ ಕಂಡರೆ ಯಾರೋ ಅದನ್ನು ಬರೆದಿಟ್ಟಿದ್ದಾರೆ.

ಎಲ್ಲಿ ಬರೆದಿಟ್ಟಿದ್ದಾರೆ? ವಿಂಡೋಸ್ 3.1ರ ಕಾಲದಲ್ಲಿ ವಿನ್ ಡಾಟ್ ಐಎನ್‌ಐ ಎಂಬ ಸಾದಾ ಪಠ್ಯದ ಫೈಲಿನಲ್ಲಿ ‘ಎಕ್ಸ್‌ಟೆನ್ಷನ್ಸ್’ ಎಂಬ ಭಾಗವಿತ್ತು. ಟಿಎಕ್ಸ್‌ಟಿ ಬಂದರೆ ನೋಟ್‌ಪ್ಯಾಡ್ ಎಂದು ಒಂದೊಂದು ಸಾಲು. ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಪಟ್ಟಿ ಅದು. ಈಗ ಆ ಮಾಹಿತಿಯೆಲ್ಲ ರಿಜಿಸ್ಟ್ರಿಯಲ್ಲಿದೆ. ‘ಹೆಚ್‌ಕೀ ಕ್ಲಾಸಸ್ ರೂಟ್’ ಎಂಬ ಕೊಂಬೆಯಲ್ಲಿ ಚುಕ್ಕಿಯಿಂದ ಶುರುವಾಗುವ ನೂರಾರು ಕೀಗಳಿವೆ, ಒಂದೊಂದು ಎಕ್ಸ್‌ಟೆನ್ಷನ್‌ಗೆ ಒಂದೊಂದು. ನಿಜಕ್ಕೂ ಆ ಕೊಂಬೆ ಎರಡು ಜಾಗದ ಮಾಹಿತಿಯನ್ನು ಸೇರಿಸಿ ತೋರಿಸುವ ನೋಟ: ಇಡೀ ಯಂತ್ರಕ್ಕೆ ಸೇರಿದ್ದು ಒಂದು ಕಡೆ, ಲಾಗಿನ್ ಆದ ಒಬ್ಬರಿಗೇ ಸೇರಿದ್ದು ಇನ್ನೊಂದು ಕಡೆ. ಎರಡೂ ಕಡೆ ಒಂದೇ ವಿಷಯ ಇದ್ದರೆ ಒಬ್ಬರಿಗೆ ಸೇರಿದ್ದೇ ಮೇಲು. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ಅಪ್ಪನ ಲಾಗಿನ್‌ನಲ್ಲಿ ಒಂದು ಪ್ರೋಗ್ರಾಂ, ಮಗಳ ಲಾಗಿನ್‌ನಲ್ಲಿ ಬೇರೊಂದು ಪ್ರೋಗ್ರಾಂ ಅದೇ ಫೈಲನ್ನು ತೆರೆಯಬಹುದು.

ಇಲ್ಲಿಯ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು. ಎಕ್ಸ್‌ಟೆನ್ಷನ್‌ನ ಕೀ ಒಳಗೆ ಪ್ರೋಗ್ರಾಂನ ವಿಳಾಸ ಇರುವುದಿಲ್ಲ. ಅಲ್ಲಿ ಇನ್ನೊಂದು ಹೆಸರಿರುತ್ತದೆ, ಅದನ್ನು ಪ್ರೋಗ್‌ಐಡಿ ಎನ್ನುತ್ತಾರೆ. ವಿಳಾಸ, ಐಕಾನ್, ಟೈಪ್ ಕಾಲಂಗೆ ಬೇಕಾದ ಮಾತು ಎಲ್ಲ ಇರುವುದು ಆ ಪ್ರೋಗ್‌ಐಡಿಯ ಕೀ ಕೆಳಗೆ. ಹಾಸ್ಟೆಲಿನ ಹುಡುಗನಿಗೆ ಬರುವ ಕಾಗದದ ಮೇಲೆ ‘ಕೇರ್ ಆಫ್’ ಎಂದು ಬರೆಯುತ್ತಿದ್ದೆವಲ್ಲ, ಹಾಗೆ. ಹುಡುಗ ಕೋಣೆ ಬದಲಿಸಿದರೂ ಕಾಗದ ಬರೆಯುವವರಿಗೆ ಅದು ತಿಳಿಯಬೇಕಿಲ್ಲ, ಕೇರ್ ಆಫ್ ಇದ್ದವರಿಗೆ ಗೊತ್ತಿದ್ದರೆ ಸಾಕು. ಪ್ರೋಗ್ರಾಂ ಬೇರೆ ಫೋಲ್ಡರಿಗೆ ಹೋದರೆ, ಹೊಸ ಆವೃತ್ತಿ ಬಂದರೆ, ಪ್ರೋಗ್‌ಐಡಿಯ ಕೆಳಗಿನ ಒಂದು ಸಾಲು ತಿದ್ದಿದರೆ ಮುಗಿಯಿತು. ಅದಕ್ಕೆ ಜೋಡಿಸಿದ ಎಕ್ಸ್‌ಟೆನ್ಷನ್ ಎಷ್ಟಿದ್ದರೂ ಎಲ್ಲವೂ ಹೊಸ ವಿಳಾಸಕ್ಕೆ ಹೋಗುತ್ತವೆ.

ಪ್ರೋಗ್‌ಐಡಿಗೆ ಹೆಸರಿಡುವುದಕ್ಕೂ ಮೈಕ್ರೋಸಾಫ್ಟ್ ನಿಯಮ ಹೇಳಿದೆ. ಪ್ರೋಗ್ರಾಂನ ಹೆಸರು, ಚುಕ್ಕಿ, ಫೈಲಿನ ಬಗೆ, ಚುಕ್ಕಿ, ಆವೃತ್ತಿ. ಒಟ್ಟು 39 ಅಕ್ಷರ ಮೀರಬಾರದು, ಚುಕ್ಕಿ ಬಿಟ್ಟು ಬೇರೆ ಚಿಹ್ನೆ ಕೂಡದು, ಅಂಕಿಯಿಂದ ಶುರುವಾಗಬಾರದು. ವಂಶಾವಳಿ ಪ್ರೋಗ್ರಾಂ ಒಂದಕ್ಕೆ ಎರಡು ಪ್ರೋಗ್‌ಐಡಿ ಇರುವುದು ಒಳ್ಳೆಯದು, ಅಸಲು ಫೈಲಿಗೆ ಒಂದು, ಬ್ಯಾಕಪ್ಪಿಗೆ ಒಂದು. ಸೋಮಾರಿಗಳು ಎರಡು ಎಕ್ಸ್‌ಟೆನ್ಷನ್‌ಗಳನ್ನೂ ಒಂದೇ ಪ್ರೋಗ್‌ಐಡಿಗೆ ಕಟ್ಟುತ್ತಾರೆ. ಆಗ ಟೈಪ್ ಕಾಲಂನಲ್ಲಿ ಎರಡಕ್ಕೂ ಒಂದೇ ಮಾತು ಬೀಳುತ್ತದೆ.

ಒಂದು ಡಬಲ್ ಕ್ಲಿಕ್ಕನ್ನು ಹತ್ತಿರದಿಂದ ನೋಡೋಣ. ‘ರಾವ್ ಕುಟುಂಬ’ದ ಬ್ಯಾಕಪ್ ಮೇಲೆ ಎರಡು ಸಲ ಒತ್ತಿದಿರಿ. ವಿಂಡೋಸ್ ಮೊದಲು ಹೆಸರಿನ ಕೊನೆಯ ಚುಕ್ಕಿಯನ್ನು ಹುಡುಕಿ ಅದರ ಆಚೆಯ ಅಕ್ಷರಗಳನ್ನು ಎತ್ತಿಕೊಳ್ಳುತ್ತದೆ. ಈ ಬಗೆಯ ಫೈಲಿಗೆ ನೀವೇ ಹಿಂದೆ ಯಾವುದಾದರೂ ಪ್ರೋಗ್ರಾಂ ಆರಿಸಿದ್ದೀರಾ ಎಂದು ‘ಯೂಸರ್ ಚಾಯ್ಸ್’ ಎಂಬ ಕೀಯಲ್ಲಿ ನೋಡುತ್ತದೆ. ಇಲ್ಲದಿದ್ದರೆ ಎಕ್ಸ್‌ಟೆನ್ಷನ್‌ನ ಕೀಗೆ ಹೋಗಿ ಪ್ರೋಗ್‌ಐಡಿ ಓದುತ್ತದೆ. ಪ್ರೋಗ್‌ಐಡಿಯ ಕೆಳಗೆ ‘ಶೆಲ್’, ಅದರೊಳಗೆ ‘ಓಪನ್’, ಅದರೊಳಗೆ ‘ಕಮಾಂಡ್’. ಅಲ್ಲಿ ಒಂದು ಸಾಲು ಸಿಗುತ್ತದೆ: ಪ್ರೋಗ್ರಾಂನ ಪೂರ್ತಿ ವಿಳಾಸ, ಅದರ ಮುಂದೆ ಶೇಕಡಾ ಚಿಹ್ನೆ ಮತ್ತು ಒಂದು ಎಂಬ ಅಂಕಿ. ಆ ಶೇಕಡಾ ಒಂದರ ಜಾಗದಲ್ಲಿ ನಿಮ್ಮ ಫೈಲಿನ ಪೂರ್ತಿ ಹೆಸರನ್ನು ಇಟ್ಟು ವಿಂಡೋಸ್ ಆ ಸಾಲನ್ನು ಓಡಿಸುತ್ತದೆ. ಇದೆಲ್ಲ ಬೆರಳು ಎತ್ತುವಷ್ಟರಲ್ಲಿ ಮುಗಿದಿರುತ್ತದೆ.

ಆ ಸಾಲಿನಲ್ಲಿ ಶೇಕಡಾ ಒಂದರ ಎರಡೂ ಬದಿಗೆ ಉದ್ಧರಣ ಚಿಹ್ನೆ ಇರಬೇಕು. ಇಷ್ಟು ಚಿಕ್ಕ ವಿಷಯದಲ್ಲಿ ಒಳ್ಳೆಯ ಕೆಲಸಗಾರ ಯಾರು ಎಂದು ಗೊತ್ತಾಗಿಬಿಡುತ್ತದೆ. ಡಾಸ್ ಹೆಸರುಗಳಲ್ಲಿ ಖಾಲಿ ಜಾಗ ಬಳಸುವ ರೂಢಿ ಇರಲಿಲ್ಲ, ಆದ್ದರಿಂದ ಆ ಕಾಲದವರಿಗೆ ಈ ಚಿಂತೆಯೂ ಇರಲಿಲ್ಲ. ವಿಂಡೋಸ್ 95ರ ನಂತರ ‘ಮೈ ಡಾಕ್ಯುಮೆಂಟ್ಸ್’ ಎಂಬ ಫೋಲ್ಡರಿನ ಹೆಸರಲ್ಲೇ ಖಾಲಿ ಜಾಗ ಬಂತು. ಚಿಹ್ನೆ ಇಲ್ಲದಿದ್ದರೆ ಪ್ರೋಗ್ರಾಂಗೆ ‘ರಾವ್’ ಒಂದು, ‘ಕುಟುಂಬ’ ಇನ್ನೊಂದು ಎಂದು ಹರಿದು ತಲುಪುತ್ತದೆ, ಅಂಥ ಫೈಲೇ ಇಲ್ಲ ಎಂಬ ಉತ್ತರ ಬರುತ್ತದೆ. ಫೈಲು ಕೆಟ್ಟಿತು ಎಂದು ಮನೆಯವರು ಹೆದರುತ್ತಾರೆ. ಫೈಲಿಗೆ ಏನೂ ಆಗಿರುವುದಿಲ್ಲ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಎನ್‌ಟಿಎಫ್‌ಎಸ್ ಎಂಬ ವಿಂಡೋಸಿನ ಕಡತ ವ್ಯವಸ್ಥೆ ಮೊದಲಿನಿಂದಲೂ ಹೆಸರುಗಳನ್ನು ಯೂನಿಕೋಡ್‌ನಲ್ಲಿ ಇಡುತ್ತದೆ. ಹಾಗಾಗಿ ಫೈಲಿಗೆ ‘ಅಜ್ಜಿಯ ತೌರುಮನೆ’ ಎಂದು ಕನ್ನಡದಲ್ಲೇ ಹೆಸರಿಡಬಹುದು, ಚುಕ್ಕಿಯಾಚೆಗಿನ ಅಕ್ಷರ ಮಾತ್ರ ಪ್ರೋಗ್ರಾಂ ಕೊಟ್ಟದ್ದೇ ಇರಬೇಕು. ಆದರೆ ಪ್ರೋಗ್ರಾಂ ಯೂನಿಕೋಡ್ ತಿಳಿಯದ ಹಳೆಯ ಬಗೆಯದಾದರೆ, ಶೇಕಡಾ ಒಂದರ ಜಾಗದಲ್ಲಿ ವಿಂಡೋಸ್ ಇಟ್ಟ ಕನ್ನಡ ಹೆಸರು ಅದನ್ನು ಮುಟ್ಟುವಷ್ಟರಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತದೆ. ಹಳೆಯ ಪ್ರೋಗ್ರಾಂ ಬಳಸುವವರು ಫೈಲಿಗೂ ಫೋಲ್ಡರಿಗೂ ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಡುವುದು ಕ್ಷೇಮ. ಬೇಸರದ ಮಾತು, ಆದರೂ ನಿಜ.

ಐಕಾನಿನ ವಿಷಯಕ್ಕೆ ಬಂದರೆ, ‘ಡಿಫಾಲ್ಟ್ ಐಕಾನ್’ ಎಂಬ ಕೀಯಲ್ಲಿ ಚಿತ್ರಗಳಿರುವ ಫೈಲಿನ ವಿಳಾಸ, ಒಂದು ಅಲ್ಪವಿರಾಮ, ಒಂದು ಸಂಖ್ಯೆ ಇರುತ್ತದೆ. ಪ್ರೋಗ್ರಾಂ ಒಳಗೇ ಅಡಗಿಸಿಟ್ಟ ಹಲವು ಚಿತ್ರಗಳಲ್ಲಿ ಎಷ್ಟನೆಯದು ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಬ್ಯಾಕಪ್ಪಿಗೆ ಬೇರೆ ಚಿತ್ರ ಕೊಡಲು ಒಂದು ಅಂಕಿ ಬದಲಿಸಿದರೆ ಸಾಕು. ಟೈಪ್ ಕಾಲಂನ ಮಾತನ್ನು ಪ್ರೋಗ್‌ಐಡಿಯ ಕೀಯಲ್ಲಿ ನೇರವಾಗಿ ಬರೆಯಬಹುದು. ಇನ್ನೂ ಒಳ್ಳೆಯ ದಾರಿಯೆಂದರೆ ‘ಫ್ರೆಂಡ್ಲಿ ಟೈಪ್ ನೇಮ್’ ಎಂಬಲ್ಲಿ ಮಾತಿನ ಬದಲು ಮಾತು ಇರುವ ಜಾಗದ ಗುರುತು ಕೊಡುವುದು. ಆಗ ವಿಂಡೋಸ್ ಯಾವ ಭಾಷೆಯಲ್ಲಿ ನಡೆಯುತ್ತಿದೆಯೋ ಆ ಭಾಷೆಯ ಮಾತನ್ನು ಎತ್ತಿ ತೋರಿಸುತ್ತದೆ. ವಿಂಡೋಸಿಗೆ ಕನ್ನಡದ ಭಾಷಾ ಪ್ಯಾಕ್ ಇದೆ. ವಂಶಾವಳಿ ಪ್ರೋಗ್ರಾಂ ಮಾಡುವವರು ಮನಸ್ಸು ಮಾಡಿದರೆ ಮೂರನೆಯ ಕಾಲಂನಲ್ಲಿ ‘ವಂಶಾವಳಿ ಬ್ಯಾಕಪ್’ ಎಂದು ಕನ್ನಡದಲ್ಲಿ ಬರುವುದಕ್ಕೆ ವಿಂಡೋಸಿನ ಕಡೆಯಿಂದ ಅಡ್ಡಿ ಏನೂ ಇಲ್ಲ.

ಎಲ್ಲ ಬರೆದಾದ ಮೇಲೆ ಜೋಡಣೆಗಳು ಬದಲಾಗಿವೆ ಎಂದು ವಿಂಡೋಸಿಗೆ ಒಂದು ಸೂಚನೆ ಕಳಿಸಬೇಕು. ಅದನ್ನು ಮರೆತರೆ ಹಳೆಯ ಐಕಾನೇ ಕಾಣುತ್ತಿರುತ್ತದೆ.

ಇನ್ನು ‘ಓಪನ್’ ಎಂಬ ಕ್ರಿಯೆ. ಅಸಲು ಫೈಲನ್ನು ತೆರೆಯುವುದು ಒಂದು ಕೆಲಸ, ಬ್ಯಾಕಪ್ಪನ್ನು ಬಿಚ್ಚಿ ಮರಳಿ ಸ್ಥಾಪಿಸುವುದು ಪೂರ್ತಿ ಬೇರೆ ಕೆಲಸ. ಬ್ಯಾಕಪ್ಪನ್ನು ಅಸಲಿನ ಹಾಗೆ ತೆರೆದು ಅದರಲ್ಲೇ ಹೊಸ ಹೆಸರು ಸೇರಿಸತೊಡಗಿದರೆ ಅದು ಬ್ಯಾಕಪ್ಪಾಗಿ ಉಳಿಯುವುದಿಲ್ಲ. ಆದ್ದರಿಂದ ಬ್ಯಾಕಪ್ಪಿನ ‘ಓಪನ್’ ಒಳಗಿರುವ ಸಾಲು ಪ್ರೋಗ್ರಾಂನ ರೀಸ್ಟೋರ್ ಕಿಟಕಿಯನ್ನು ತೆರೆಯಬೇಕು, ಎಲ್ಲಿ ಬಿಚ್ಚಲಿ ಎಂದು ಕೇಳಬೇಕು, ಅಲ್ಲಿ ಆಗಲೇ ಅದೇ ಹೆಸರಿನ ಫೈಲಿದ್ದರೆ ಅದರ ಮೇಲೆ ಬರೆಯುವ ಮೊದಲು ತಡೆದು ಎಚ್ಚರಿಸಬೇಕು. ಅಣ್ಣ ಕಳಿಸಿದ ಹಳೆಯ ಬ್ಯಾಕಪ್ಪನ್ನು ತಮ್ಮ ಒತ್ತಿ, ತನ್ನ ಆರು ತಿಂಗಳ ಕೆಲಸದ ಮೇಲೆ ಅದು ಕೂತುಬಿಡುವ ಅಪಾಯ ಇರುವುದು ಇಲ್ಲೇ. ಅಸಲಿಗೂ ಬ್ಯಾಕಪ್ಪಿಗೂ ಬೇರೆ ಬೇರೆ ಎಕ್ಸ್‌ಟೆನ್ಷನ್ ಇಟ್ಟಿರುವುದರ ನಿಜವಾದ ಪ್ರಯೋಜನ ಇದು: ಯಾವ ಕ್ಲಿಕ್ಕಿಗೆ ಯಾವ ಜಾಗ್ರತೆ ಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ.

ಜಿಪ್ ಎಂಬ ಸಾದಾ ಹೆಸರಲ್ಲೇ ಬ್ಯಾಕಪ್ ಇಡುವ ಪದ್ಧತಿಗೆ ಈ ರಕ್ಷಣೆ ಇಲ್ಲ. ಜಿಪ್ ಫೈಲನ್ನು ಒತ್ತಿದರೆ ವಿಂಡೋಸ್ ತಾನೇ ಅದನ್ನು ಫೋಲ್ಡರಿನಂತೆ ತೆರೆದು ತೋರಿಸುತ್ತದೆ. ಒಳಗೆ ಕಂಡ ವಂಶಾವಳಿ ಫೈಲನ್ನು ಮತ್ತೆ ಒತ್ತಿದರೆ, ವಿಂಡೋಸ್ ಅದರ ಒಂದು ಪ್ರತಿಯನ್ನು ತಾತ್ಕಾಲಿಕ ಫೋಲ್ಡರಿಗೆ ತೆಗೆದು ಆ ಪ್ರತಿಯನ್ನು ಪ್ರೋಗ್ರಾಂ ಕೈಗೆ ಕೊಡುತ್ತದೆ. ಬಳಸುವವರು ಎರಡು ಗಂಟೆ ಕೂತು ಮುತ್ತಜ್ಜನ ಕಡೆಯ ನಲವತ್ತು ಹೆಸರು ಸೇರಿಸಿ ಮುಚ್ಚಿದರೆ ಅವೆಲ್ಲ ಆ ತಾತ್ಕಾಲಿಕ ಪ್ರತಿಯಲ್ಲಿ ಉಳಿಯುತ್ತವೆ. ಮರುದಿನ ಜಿಪ್ ತೆರೆದರೆ ನಲವತ್ತು ಹೆಸರೂ ಇಲ್ಲ. ಜಿಪ್ ಬಳಸುವ ಪ್ರೋಗ್ರಾಂಗಳ ಪರವಾಗಿ ಹೇಳುವುದಾದರೆ, ಪ್ರೋಗ್ರಾಂ ನಿಂತುಹೋದರೂ ಜಿಪ್ ಬಿಚ್ಚುವುದು ಯಾರಿಗೂ ಗೊತ್ತಿರುವ ಕೆಲಸ. ಆ ಪ್ರಾಮಾಣಿಕತೆ ಸಣ್ಣದಲ್ಲ. ಆದರೂ ನನ್ನ ಒಲವು ಬೇರೆ ಹೆಸರು ಇಡುವ ಕಡೆಗೇ.

ಎಕ್ಸ್‌ಟೆನ್ಷನ್‌ಗಳನ್ನು ಹಂಚಿಕೊಡುವ ಅಧಿಕಾರಿ ಯಾರೂ ಇಲ್ಲ. ಯಾರು ಯಾವ ಅಕ್ಷರ ಬೇಕಾದರೂ ಎತ್ತಿಕೊಳ್ಳಬಹುದು, ಹಾಗಾಗಿ ಡಿಕ್ಕಿಗಳು ಆಗುತ್ತಲೇ ಇರುತ್ತವೆ. ಲೆಗಸಿಯ ಎಫ್‌ಡಿಬಿ ಎಂಬುದು ಫೈರ್‌ಬರ್ಡ್ ಎಂಬ ಡೇಟಾಬೇಸ್ ಬಳಸುವ ಎಕ್ಸ್‌ಟೆನ್ಷನ್ ಕೂಡ. ಹಳೆಯ ಫ್ಯಾಮಿಲಿ ಟ್ರೀ ಮೇಕರಿನ ಬ್ಯಾಕಪ್ಪಾದ ಎಫ್‌ಬಿಕೆ ಫೈರ್‌ಬರ್ಡ್‌ನವರ ಬ್ಯಾಕಪ್ಪಿನ ರೂಢಿಯ ಹೆಸರೂ ಹೌದು. ಗ್ರಾಂಪ್ಸ್‌ನ ಜಿಪಿಕೆಜಿ ಭೂಪಟದ ಮಾಹಿತಿ ಇಡುವ ಜಿಯೋಪ್ಯಾಕೇಜ್ ಎಂಬ ಮಾನಕದ ಎಕ್ಸ್‌ಟೆನ್ಷನ್ನೂ ಆಗಿದೆ. ಭೂಪಟದ ಕೆಲಸಕ್ಕೆ ಕ್ಯೂಜಿಐಎಸ್ ಹಾಕಿಕೊಂಡವರ ಕಂಪ್ಯೂಟರಿನಲ್ಲಿ ಮನೆಯ ವಂಶಾವಳಿಗೆ ಭೂಪಟದ ಐಕಾನ್ ಬಂದು ಕೂತರೆ ಆಶ್ಚರ್ಯಪಡಬೇಕಿಲ್ಲ.

ಫೈರ್‌ಬರ್ಡ್‌ನವರು ಎಫ್‌ಡಿಬಿ ಎಂಬ ಹೆಸರಿಗೆ ಬಂದ ಕಥೆ ವಿಂಡೋಸ್ ಈ ಅಕ್ಷರಗಳನ್ನು ಎಷ್ಟು ನಂಬುತ್ತದೆ ಎಂಬುದನ್ನು ತೋರಿಸುತ್ತದೆ. ಅವರ ಪೂರ್ವಜ ಇಂಟರ್‌ಬೇಸ್ ಬಳಸುತ್ತಿದ್ದದ್ದು ಜಿಡಿಬಿ, ಗ್ರೋಟನ್ ಡೇಟಾಬೇಸ್ ಎಂಬ ಕಂಪನಿಯ ನೆನಪಿನ ಅಕ್ಷರಗಳು. ವಿಂಡೋಸ್ ಮಿಲೆನಿಯಂ ಮತ್ತು ಎಕ್ಸ್‌ಪಿ ಬಂದಾಗ ‘ಸಿಸ್ಟಂ ರೀಸ್ಟೋರ್’ ಎಂಬ ಸೌಲಭ್ಯ ಸೇರಿತು. ಕೆಲವು ಎಕ್ಸ್‌ಟೆನ್ಷನ್‌ಗಳ ಪಟ್ಟಿ ಇಟ್ಟುಕೊಂಡು ಅಂಥ ಫೈಲುಗಳು ಬದಲಾಗುವ ಮುನ್ನ ಅದು ಪ್ರತಿ ಮಾಡಿಕೊಳ್ಳುತ್ತಿತ್ತು. ಆ ಪಟ್ಟಿಯಲ್ಲಿ ಜಿಡಿಬಿಯೂ ಇತ್ತು. ದೊಡ್ಡ ಡೇಟಾಬೇಸ್ ತೆರೆಯುವಾಗೆಲ್ಲ ಪ್ರತಿ ಮಾಡುವ ಕೆಲಸದಿಂದ ಎಲ್ಲವೂ ನಿಧಾನವಾಗತೊಡಗಿತು. ಬೇರೆ ದಾರಿ ಕಾಣದೆ ಬಳಕೆದಾರರು ಎಕ್ಸ್‌ಟೆನ್ಷನ್ನನ್ನೇ ಬದಲಿಸಿದರು. ಒಳಗಿನ ಒಂದು ಬೈಟೂ ಬದಲಾಗಲಿಲ್ಲ, ತೊಂದರೆ ನಿಂತಿತು.

ಆವೃತ್ತಿ ಬದಲಾದಾಗ ಎಕ್ಸ್‌ಟೆನ್ಷನ್ ಬದಲಿಸಬೇಕೋ ಬೇಡವೋ ಎಂಬುದರಲ್ಲಿ ಎರಡು ಪಂಥಗಳಿವೆ. ಫ್ಯಾಮಿಲಿ ಟ್ರೀ ಮೇಕರ್ 2008ರಿಂದ 2019ರ ಆವೃತ್ತಿಯವರೆಗೂ ಎಫ್‌ಟಿಎಂ ಎಂಬುದನ್ನೇ ಉಳಿಸಿಕೊಂಡಿತು. ನಡುವೆ ಒಳಗಿನ ರಚನೆ ಬದಲಾಯಿತು, 2016ರಲ್ಲಿ ಮಾಲೀಕತ್ವವೂ ಆನ್ಸೆಸ್ಟ್ರಿಯಿಂದ ಸಾಫ್ಟ್‌ವೇರ್ ಮ್ಯಾಕೀವ್‌ಗೆ ಹೋಯಿತು. ಹೆಸರು ಅದೇ ಉಳಿದಿದ್ದರಿಂದ ಪೆನ್ ಡ್ರೈವಿನಲ್ಲಿ ಸಿಕ್ಕ ಫೈಲು ಯಾವ ಆವೃತ್ತಿಯದು ಎಂದು ಹೊರಗಿನಿಂದ ತಿಳಿಯುವುದಿಲ್ಲ. ರೂಟ್ಸ್‌ಮ್ಯಾಜಿಕ್ ಎಂಟನೆಯ ಆವೃತ್ತಿಗೆ ಹೊಸ ಎಕ್ಸ್‌ಟೆನ್ಷನ್ ತಂದಿತು. ಒಂದೇ ಕಂಪ್ಯೂಟರಿನಲ್ಲಿ ಏಳೂ ಎಂಟೂ ಒಟ್ಟಿಗೆ ಇರಬಹುದು, ಆರ್‌ಎಂಜಿಸಿ ಒತ್ತಿದರೆ ಏಳು, ಆರ್‌ಎಂಟ್ರೀ ಒತ್ತಿದರೆ ಎಂಟು. ಹೊಸದನ್ನು ಕಲಿಯುವವರೆಗೆ ಹಳೆಯದರಲ್ಲೇ ಕೆಲಸ ಮುಂದುವರಿಸುವವರಿಗೆ ಇದು ದೊಡ್ಡ ಉಪಕಾರ. ಇಂಥ ಕಡೆ ನನಗೆ ರೂಟ್ಸ್‌ಮ್ಯಾಜಿಕ್‌ನವರ ವಿವೇಕವೇ ಹೆಚ್ಚು ಹಿಡಿಸುತ್ತದೆ. ಅವರು ಬ್ಯಾಕಪ್ಪಿನ ಹೆಸರಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಸೇರಿಸುವ ಅನುಕೂಲವನ್ನೂ ಇಟ್ಟಿದ್ದಾರೆ. ಆ ಕ್ರಮದಲ್ಲಿ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಬ್ಯಾಕಪ್‌ಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಮೊದಲೆಲ್ಲ ಯಾವ ಪ್ರೋಗ್ರಾಂ ಬೇಕಾದರೂ ಬಂದು ಜೋಡಣೆಯನ್ನು ತನ್ನ ಕಡೆ ತಿರುಗಿಸಿಕೊಳ್ಳಬಹುದಾಗಿತ್ತು. ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ಅದಕ್ಕೆ ಬೀಗ ಹಾಕಿತು. ನೀವು ಆರಿಸಿದ್ದನ್ನು ಯೂಸರ್ ಚಾಯ್ಸ್ ಕೀಯಲ್ಲಿ ಬರೆದು, ಪಕ್ಕದಲ್ಲಿ ಲೆಕ್ಕ ಹಾಕಿದ ಒಂದು ಹ್ಯಾಶ್ ಇಡುತ್ತಾರೆ. ಬೇರೆ ಪ್ರೋಗ್ರಾಂ ಗುಟ್ಟಾಗಿ ಆ ಹೆಸರು ತಿದ್ದಿದರೆ ಹ್ಯಾಶ್ ಹೊಂದುವುದಿಲ್ಲ, ವಿಂಡೋಸ್ ಒಪ್ಪುವುದಿಲ್ಲ. ಆಯ್ಕೆ ನಿಮ್ಮದೇ ಆಯಿತು, ತಪ್ಪು ಆಯ್ಕೆಯ ಫಲವೂ ನಿಮ್ಮದೇ. ಪರಿಚಯವಿಲ್ಲದ ಬ್ಯಾಕಪ್ಪನ್ನು ಒತ್ತಿದಾಗ ‘ಯಾವುದರಲ್ಲಿ ತೆರೆಯಲಿ’ ಎಂದು ವಿಂಡೋಸ್ ಕೇಳುತ್ತದೆ. ನೋಡೋಣವೆಂದು ನೋಟ್‌ಪ್ಯಾಡ್ ಆರಿಸಿ, ‘ಯಾವಾಗಲೂ’ ಎಂಬುದನ್ನೂ ಒತ್ತಿಬಿಟ್ಟರೆ ಆಮೇಲೆ ಆ ಬಗೆಯ ಎಲ್ಲ ಫೈಲುಗಳೂ ನೋಟ್‌ಪ್ಯಾಡಿನಲ್ಲೇ ತೆರೆಯುತ್ತವೆ, ಪ್ರೋಗ್ರಾಂ ಹೊಸದಾಗಿ ಹಾಕಿದ ಮೇಲೂ. ಸರಿಪಡಿಸುವುದು ಕಷ್ಟವಿಲ್ಲ. ಪ್ರಾಪರ್ಟೀಸ್‌ನಲ್ಲಿ ‘ಓಪನ್ಸ್ ವಿತ್’ ಎಂಬ ಸಾಲಿನ ಮುಂದಿರುವ ‘ಚೇಂಜ್’ ಒತ್ತಿ ವಂಶಾವಳಿ ಪ್ರೋಗ್ರಾಂ ಆರಿಸಿದರೆ ಆಯಿತು.

ಆದರೆ ಒಂದು ಸಲಕ್ಕೆ ಮಾತ್ರ ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದು ಒಳ್ಳೆಯ ಅಭ್ಯಾಸ, ಏನನ್ನೂ ಉಳಿಸದೆ ಮುಚ್ಚುವುದಾದರೆ. ಪ್ರೋಗ್ರಾಂ ತೆಗೆದುಹಾಕಿದ ದಿನ ರಿಜಿಸ್ಟ್ರಿಯ ಬರಹ ಅಳಿಯುತ್ತದೆ, ಮೂರನೆಯ ಕಾಲಂ ಮತ್ತೆ ಬರೀ ‘ಎಫ್‌ಟಿಎಂಬಿ ಫೈಲ್’ ಎನ್ನುತ್ತದೆ. ಫೈಲಿನ ಒಳಗಿನ ಮೊದಲ ಕೆಲವು ಅಕ್ಷರಗಳು ಮಾತ್ರ ಎಲ್ಲಿ ಹೋದರೂ ಅದರ ಜೊತೆಗೇ ಇರುತ್ತವೆ. ಆರ್‌ಎಂಜಿಬಿ ಬ್ಯಾಕಪ್ಪನ್ನು ಹೀಗೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ನಡುವೆ ಮೊಟ್ಟಮೊದಲು ಪಿ, ಕೆ ಎಂಬ ಎರಡಕ್ಷರ ಕಾಣುತ್ತವೆ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಅಂದರೆ ಇದು ಬೇರೆ ಹೆಸರು ಹೊತ್ತ ಜಿಪ್. ಇದರ ಒಂದು ಪ್ರತಿ ಮಾಡಿ, ಪ್ರತಿಯ ಎಕ್ಸ್‌ಟೆನ್ಷನ್ ಜಿಪ್ ಎಂದು ಬದಲಿಸಿದರೆ ವಿಂಡೋಸೇ ಬಿಚ್ಚುತ್ತದೆ. ಒಳಗೆ ಸಿಗುವ ಆರ್‌ಎಂಜಿಸಿಯನ್ನೂ ಹಾಗೆಯೇ ನೋಡಿದರೆ ‘ಎಸ್‌ಕ್ಯುಲೈಟ್ ಫಾರ್ಮ್ಯಾಟ್ 3’ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಎಸ್‌ಕ್ಯುಲೈಟ್ ಓದುವ ಉಚಿತ ಪ್ರೋಗ್ರಾಂಗಳು ಬೇಕಾದಷ್ಟಿವೆ. ಲೆಗಸಿಯ ಎಫ್‌ಡಿಬಿಯಲ್ಲಿ ‘ಸ್ಟ್ಯಾಂಡರ್ಡ್ ಜೆಟ್ ಡಿಬಿ’ ಎಂಬ ಮಾತು ಇರುತ್ತದೆ, ಅದು ಮೈಕ್ರೋಸಾಫ್ಟ್ ಆಕ್ಸೆಸ್‌ನ ಮನೆತನದ್ದು. ಮಾಸ್ಟರ್ ಜೀನಿಯಾಲಜಿಸ್ಟ್‌ನ ಎಸ್‌ಕ್ಯುಜೆಡ್ ಕೂಡ ಒಳಗೆ ಜಿಪ್ಪೇ. ಗ್ರಾಂಪ್ಸ್‌ನ ಫೈಲು ಜಿಜಿಪ್‌ನಲ್ಲಿ ಒತ್ತಿದ ಸಾದಾ ಎಕ್ಸ್‌ಎಂಎಲ್ ಪಠ್ಯ, ಬಿಚ್ಚಿದರೆ ಕಣ್ಣಿನಲ್ಲೇ ಹೆಸರುಗಳನ್ನು ಓದಬಹುದು.

ಹೊರಗಿನ ಎಕ್ಸ್‌ಟೆನ್ಷನ್ ಬಳಸುವವರ ಕೈಯನ್ನು ಕಾಯುತ್ತದೆ, ಒಳಗಿನ ಆರಂಭದ ಅಕ್ಷರಗಳು ಮಾಹಿತಿಯನ್ನು ಕಾಯುತ್ತವೆ. ಯಾವುದೋ ಗುಟ್ಟಿನ ರಚನೆಯಲ್ಲಿ ಬರೆಯದೆ ಎಲ್ಲರಿಗೂ ತಿಳಿದ ಜಿಪ್, ಎಸ್‌ಕ್ಯುಲೈಟ್‌ಗಳ ಮೇಲೆ ತಮ್ಮದೊಂದು ಹೆಸರು ಹಚ್ಚಿದವರು ಎರಡು ಕಡೆಯೂ ಗೆದ್ದರು. ಈ ಕಸುಬಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈ ತೀರ್ಮಾನವನ್ನು.

ಬ್ಯಾಕಪ್ಪಿನ ಬದಲು ಜೆಡ್‌ಕಾಮ್ ಎಂಬ ಪಠ್ಯರೂಪದ ಫೈಲು ಸಾಲದೇ ಎಂದು ಕೇಳುವವರಿದ್ದಾರೆ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು 1984ರಲ್ಲಿ ರೂಪಿಸಿದ ಈ ಮಾನಕ ವಂಶಾವಳಿಯನ್ನು ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಸಾಗಿಸಲು ಇರುವುದು. ಎಕ್ಸ್‌ಟೆನ್ಷನ್ ಜಿಇಡಿ. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಇದನ್ನು ಓದುವುದರಿಂದ ವಿಂಡೋಸಿನಲ್ಲಿ ಕೊನೆಗೆ ಹಾಕಿಕೊಂಡ ಪ್ರೋಗ್ರಾಂ ಇದರ ಮೇಲೆ ಹಕ್ಕು ಸಾಧಿಸಲು ನೋಡುತ್ತದೆ. ಆದರೆ ಪ್ರೋಗ್ರಾಂನ ಸ್ವಂತ ಸೌಲಭ್ಯಗಳು, ಬಣ್ಣದ ಗುರುತುಗಳು, ಫೋಟೋಗಳು ಸಾಮಾನ್ಯವಾಗಿ ಅದರಲ್ಲಿ ಪೂರ್ತಿ ಬರುವುದಿಲ್ಲ. ನಮ್ಮವರಿಗೆ ಇನ್ನೂ ಒಂದು ತೊಡಕಿತ್ತು. ಹಳೆಯ ಜೆಡ್‌ಕಾಮ್ ಫೈಲುಗಳು ಹೆಚ್ಚಾಗಿ ಬಳಸುತ್ತಿದ್ದ ಆನ್ಸೆಲ್ ಎಂಬ ಅಕ್ಷರ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕನ್ನಡದಲ್ಲಿ ಬರೆದ ಹೆಸರುಗಳನ್ನು ಆನ್ಸೆಲ್‌ನಲ್ಲಿ ಹೊರತೆಗೆದರೆ ಅವು ಅಲ್ಲೇ ಕಳೆದುಹೋಗುತ್ತವೆ. 1999ರ 5.5.1ರ ಕರಡಿನಲ್ಲಿ ಯುಟಿಎಫ್-8 ಸೇರಿತು, 2021ರ 7.0 ಅದನ್ನೇ ಕಡ್ಡಾಯ ಮಾಡಿದೆ. ಜೆಡ್‌ಕಾಮ್ ತೆಗೆಯುವಾಗ ಅಕ್ಷರ ಪಟ್ಟಿ ಯುಟಿಎಫ್-8 ಆಗಿದೆಯೇ ಎಂದು ನೋಡಿಕೊಂಡರೆ ಕನ್ನಡದ ಹೆಸರುಗಳು ಸುರಕ್ಷಿತ. ಬ್ಯಾಕಪ್ ಬೇಕು, ಪಕ್ಕದಲ್ಲಿ ಒಂದು ಜೆಡ್‌ಕಾಮೂ ಬೇಕು.

ಹೊಸ ಕಂಪ್ಯೂಟರಿಗೆ ಬದಲಾಗುವವರಿಗೆ ಕ್ರಮ ಹೀಗಿದ್ದರೆ ಒಳ್ಳೆಯದು. ಮೊದಲು ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ತೋರಿಸುವಂತೆ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಆರಿಸಿಕೊಳ್ಳಿ. ಬ್ಯಾಕಪ್ಪನ್ನು ಪೆನ್ ಡ್ರೈವಿನಿಂದ ಹೊಸ ಯಂತ್ರಕ್ಕೆ ಪ್ರತಿ ಮಾಡಿ, ಪೆನ್ ಡ್ರೈವ್ ತೆಗೆದಿಡಿ. ಪ್ರೋಗ್ರಾಂ ಹಾಕಿದ ಮೇಲೆ ಬ್ಯಾಕಪ್ ಮೇಲೆ ಒತ್ತುವ ಬದಲು ಪ್ರೋಗ್ರಾಂ ತೆರೆದು ಅದರ ಫೈಲ್ ಮೆನುವಿನಿಂದಲೇ ರೀಸ್ಟೋರ್‌ಗೆ ಹೋಗಿ. ಆಗ ಜೋಡಣೆ ಸರಿಯಿದೆಯೋ ಇಲ್ಲವೋ ಎಂಬುದು ಅಡ್ಡ ಬರುವುದಿಲ್ಲ. ಒಟ್ಟು ಎಷ್ಟು ಜನರ ಹೆಸರಿದೆ ಎಂದು ಹಳೆಯ ಕಂಪ್ಯೂಟರಿನಲ್ಲಿ ಬರೆದುಕೊಂಡು ಹೊಸದರಲ್ಲಿ ತಾಳೆ ನೋಡಿ. ತಾಳೆಯಾದ ಮೇಲೆ ಫೋಲ್ಡರಿಗೆ ಹೋಗಿ ಡೀಟೇಲ್ಸ್ ನೋಟದಲ್ಲಿ ಬ್ಯಾಕಪ್ಪಿನ ಟೈಪ್ ಓದಿ. ಅಲ್ಲಿ ಇನ್ನೂ ಬರೀ ಅಕ್ಷರಗಳೂ ‘ಫೈಲ್’ ಎಂಬ ಪದವೂ ಇದ್ದರೆ ಬ್ಯಾಕಪ್ಪಿನ ಹೆಸರಿನಲ್ಲೇ ಪ್ರೋಗ್ರಾಂನ ಹೆಸರನ್ನೂ ಆವೃತ್ತಿಯನ್ನೂ ಸೇರಿಸಿಡಿ, ಚುಕ್ಕಿಯ ಈಚೆಗೆ.